14 ಪಾಯಿಂಟ್ ಮುಂದಿದ್ದವರು ಸೋಲುವುದು ಹೇಗೆ?

2025ರ ಏಪ್ರಿಲ್ 5. ಸ್ಯಾನ್ ಆಂಟೋನಿಯೊದ ಅಲಮೋಡೋಮ್‌ನಲ್ಲಿ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಸೆಮಿಫೈನಲ್, ಡ್ಯೂಕ್ ಎದುರು ಹ್ಯೂಸ್ಟನ್. ಇನ್ನೂ ಎಂಟು ನಿಮಿಷ ಚಿಲ್ಲರೆ ಆಟ ಬಾಕಿ ಇದೆ, ಡ್ಯೂಕ್ 14 ಪಾಯಿಂಟ್ ಮುಂದೆ. ಆ ವರ್ಷ ಡ್ಯೂಕ್ ಆಡಿದ ರೀತಿ ನೋಡಿದವರಿಗೆ ಇನ್ನೇನು ನೋಡುವುದಿದೆ, ಮಲಗೋಣ ಅನ್ನಿಸಿದ್ದರೆ ತಪ್ಪಿಲ್ಲ. ಡ್ಯೂಕ್ ಇರುವ ಡರ್ಹಮ್ ಪಕ್ಕದಲ್ಲೇ ಕ್ಯಾರಿ, ಮಾರಿಸ್‌ವಿಲ್. ಅಲ್ಲಿ ಸಾಫ್ಟ್‌ವೇರ್ ಕೆಲಸದ ಕನ್ನಡದವರು ಜಾಸ್ತಿ. ಹೋಗಿ ಎರಡು ವರ್ಷ ಆಗುವಷ್ಟರಲ್ಲಿ ಒಂದೋ ಡ್ಯೂಕ್ ಕಡೆ, ಇಲ್ಲವೋ ಅದರ ಎದುರಾಳಿ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ (ಬಾಯಿಮಾತಲ್ಲಿ ಕ್ಯಾರೊಲೈನಾ) ಕಡೆ ಆಗಿಬಿಟ್ಟಿರುತ್ತಾರೆ. ನಡುವೆ ನಿಲ್ಲಲು ಆ ಊರಲ್ಲಿ ಜಾಗ ಇಲ್ಲ.

ಮಲಗಿದವರು ತಪ್ಪಿಸಿಕೊಂಡದ್ದು ಇದು. ಆಟದ ಕೊನೆಯ ಹತ್ತು ನಿಮಿಷದಲ್ಲಿ ಡ್ಯೂಕ್ ಬುಟ್ಟಿಗೆ ಹಾಕಿದ್ದು ಒಂದೇ ಒಂದು ಶಾಟ್, ಉಳಿದದ್ದೆಲ್ಲ ಫ್ರೀ ಥ್ರೋ, ಅಂದ್ರೆ ಎದುರಾಳಿ ಫೌಲ್ ಮಾಡಿದಾಗ ಸಿಗುವ ಒಂದೊಂದು ಪಾಯಿಂಟಿನ ಎಸೆತ. ಆದರೂ 33 ಸೆಕೆಂಡ್ ಇದ್ದಾಗ 67-61, ಆರು ಪಾಯಿಂಟ್ ಮುಂದೆ. ಹ್ಯೂಸ್ಟನ್‌ನ ಎಮ್ಯಾನುಯೆಲ್ ಶಾರ್ಪ್ ಒಂದು ಥ್ರೀ (ದೂರದಿಂದ ಹಾಕುವ ಮೂರು ಪಾಯಿಂಟಿನ ಶಾಟ್) ಹಾಕಿದ, 67-64. ಡ್ಯೂಕ್ ಗೆರೆಯಾಚೆಯಿಂದ ಚೆಂಡನ್ನು ಒಳಗೆ ಹಾಕಲು ಹೋಗಿ ಕಳೆದುಕೊಂಡಿತು. ಹ್ಯೂಸ್ಟನ್ ಹೊಡೆದ ಥ್ರೀ ತಪ್ಪಿತು, ಆದರೆ ಅಲ್ಲೇ ಇದ್ದ ಟಗ್ಲರ್ ಪುಟಿದ ಚೆಂಡನ್ನು ಹಿಡಿದು ಬುಟ್ಟಿಗೆ ತುರುಕಿದ. 67-66. ಡ್ಯೂಕ್‌ನ ಪ್ರಾಕ್ಟರ್‌ಗೆ ಫ್ರೀ ಥ್ರೋ ಸಿಕ್ಕಿತು, ಮೊದಲನೆಯದೇ ತಪ್ಪಿತು. ಪುಟಿದ ಚೆಂಡಿಗೆ ನುಗ್ಗಿದ ಡ್ಯೂಕ್‌ನ ಕೂಪರ್ ಫ್ಲ್ಯಾಗ್ ಫೌಲ್ ಮಾಡಿದ. ಹ್ಯೂಸ್ಟನ್‌ಗೆ ಎರಡು ಫ್ರೀ ಥ್ರೋ, ಎರಡೂ ಒಳಗೆ, 68-67. ದೇಶದ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡಿದ್ದ ಫ್ಲ್ಯಾಗ್‌ನ ಕೊನೆಯ ಶಾಟ್ ರಿಮ್‌ನ ಮುಂಭಾಗಕ್ಕೆ ಬಡಿದು ಬಿತ್ತು. 70-67, ಮುಗೀತು.

ಆ ಸೀಸನ್‌ನಲ್ಲಿ ಡ್ಯೂಕ್ ಸರಾಸರಿ 20 ಪಾಯಿಂಟ್‌ಗೂ ಜಾಸ್ತಿ ಅಂತರದಲ್ಲಿ ಗೆಲ್ಲುತ್ತಿದ್ದ ತಂಡ. ಮೆರೆದಾಡಲು ಬರುತ್ತಿತ್ತು. ಆ ರಾತ್ರಿ ಬಾರದೆ ಹೋದದ್ದು ಕತೆ ಮುಗಿಸುವುದು. ಇವೆರಡೂ ಒಂದೇ ಅಂತ ನಾವು ಸುಮ್ನೆ ಅಂದುಕೊಂಡಿರುತ್ತೇವೆ. ಅಲ್ಲ. ಎರಡೂ ಬೇರೆ ಬೇರೆ ವಿದ್ಯೆ, ಮತ್ತು ಎರಡನೆಯದು ಎಷ್ಟು ಕಷ್ಟ ಅನ್ನೋದು ಕಾಲಕಾಲಕ್ಕೆ ಬದಲಾಗಿದೆ. ಬದಲಾಯಿಸಿದ್ದು ಆಟಗಾರರಿಗಿಂತ ಹೆಚ್ಚಾಗಿ ನಿಯಮಗಳು.

ಮೊದಲು ಮುಂದಿದ್ದವರ ಹತ್ತಿರ ಒಂದು ಬೀಗ ಇತ್ತು. ಚೆಂಡು ನಮ್ಮ ಕೈಲಿದ್ದರೆ ನಾವು ಶಾಟ್ ಹೊಡೆಯಲೇಬೇಕು ಅನ್ನುವ ನಿಯಮ ಕಾಲೇಜು ಆಟದಲ್ಲಿ ಇರಲಿಲ್ಲ. ವೃತ್ತಿಪರರ ಲೀಗ್ ಎನ್‌ಬಿಎಯಲ್ಲಿ 24 ಸೆಕೆಂಡಿನ ಶಾಟ್ ಕ್ಲಾಕ್ 1954ರಲ್ಲೇ ಬಂದಿತ್ತು. ಗಂಡು ಮಕ್ಕಳ ಕಾಲೇಜು ಆಟ ಮಾತ್ರ ಇನ್ನೂ ಮೂವತ್ತು ವರ್ಷ ಹಾಗೇ ಕೂತಿತ್ತು. ಮುಂದಿದ್ದೀರಾ? ಚೆಂಡನ್ನು ನಿಮ್ಮನಿಮ್ಮಲ್ಲೇ ಹಂಚಿಕೊಂಡು ಗಡಿಯಾರ ನೋಡುತ್ತಿರಿ. ಸೋಲುವ ಭಯದವರೂ ಇದೇ ಮಾಡುತ್ತಿದ್ದರು, ಆಟ ಚಿಕ್ಕದಾದಷ್ಟೂ ಅದೃಷ್ಟಕ್ಕೆ ಜಾಗ ಜಾಸ್ತಿ ಅಲ್ವಾ. 1968ರಲ್ಲಿ ನಾರ್ತ್ ಕ್ಯಾರೊಲೈನಾ ಸ್ಟೇಟ್ (ಕ್ಯಾರೊಲೈನಾ ಬೇರೆ, ಇದು ಬೇರೆ ತಂಡ) ಡ್ಯೂಕನ್ನು ಸೋಲಿಸಿದ ಸ್ಕೋರು 12-10. ಫುಟ್‌ಬಾಲ್ ಅಲ್ಲ, ಬ್ಯಾಸ್ಕೆಟ್‌ಬಾಲೇ. 1979ರಲ್ಲಿ ಡ್ಯೂಕ್ ಮತ್ತು ಕ್ಯಾರೊಲೈನಾ ಆಡಿದಾಗ ಅರ್ಧ ಆಟಕ್ಕೆ 7-0. ಟಿಕೆಟ್ ಕೊಟ್ಟು ಬಂದವರ ಮುಖ ಹೇಗಿದ್ದಿರಬೇಕು!

ಈ ಬೀಗಕ್ಕೆ ಹೆಸರು ತಂದವರು ಕ್ಯಾರೊಲೈನಾದ ಕೋಚ್ ಡೀನ್ ಸ್ಮಿತ್. ಅದಕ್ಕೆ ಫೋರ್ ಕಾರ್ನರ್ಸ್ ಅಂತಾರೆ. ನಾಲ್ಕು ಜನ ನಾಲ್ಕು ಮೂಲೆಗೆ, ಐದನೆಯವನು ನಡುವೆ ಡ್ರಿಬಲ್ ಮಾಡುತ್ತಾ ಇರೋದು. ಮೇಲೆ ಬಿದ್ದು ಹಿಡಿಯಲು ಬಂದರೆ ಮೂಲೆಯವನಿಗೆ ಪಾಸ್, ಬುಟ್ಟಿಯ ಕೆಳಗೆ ಖಾಲಿ ಜಾಗ. ಬರದಿದ್ದರೆ ಇನ್ನೂ ಒಳ್ಳೆಯದು, ಟೈಮ್ ಹೋಗುತ್ತೆ. ಫಿಲ್ ಫೋರ್ಡ್ ಅನ್ನುವ ಗಾರ್ಡ್ ನಡುವೆ ನಿಂತರೆ ಎದುರಾಳಿಗಳು ಚೆಂಡಿನ ಹಿಂದೆ ಓಡಿ ಓಡಿ ಸುಸ್ತಾಗುತ್ತಿದ್ದರು. 1982ರಲ್ಲಿ ಆ ಭಾಗದ ಕಾಲೇಜುಗಳ ಲೀಗ್ ಎಸಿಸಿಯ ಫೈನಲ್‌ನಲ್ಲಿ ಇದು ಅತಿಯಾಯಿತು. ಒಂದು ಕಡೆ ಜೇಮ್ಸ್ ವರ್ದಿ, ಮೈಕಲ್ ಜೋರ್ಡನ್, ಇನ್ನೊಂದು ಕಡೆ ವರ್ಜೀನಿಯಾದ ರಾಲ್ಫ್ ಸ್ಯಾಂಪ್ಸನ್. ದೇಶವೆಲ್ಲ ಟಿವಿ ಮುಂದೆ. ಒಂದೇ ಪಾಯಿಂಟ್ ಮುಂದಿದ್ದ ಕ್ಯಾರೊಲೈನಾ ಏಳು ನಿಮಿಷದಷ್ಟು ಹೊತ್ತು ಚೆಂಡು ಹಿಡಿದು ನಿಂತಿತು, ವರ್ಜೀನಿಯಾದವರೂ ತಮ್ಮ ಜಾಗ ಬಿಟ್ಟು ಬರಲಿಲ್ಲ. 47-45. ಅಂಥಾ ಆಟಗಾರರನ್ನು ಇಟ್ಟುಕೊಂಡು ಇದಾ ಆಟ ಅಂತ ಜನ ಬೈದರು. 1985-86ರಲ್ಲಿ 45 ಸೆಕೆಂಡಿನ ಕ್ಲಾಕ್ ಬಂತು, ಮರುವರ್ಷ ಥ್ರೀ ಪಾಯಿಂಟ್ ಗೆರೆ ಬಂತು. 1993-94ರಲ್ಲಿ ಕ್ಲಾಕ್ 35ಕ್ಕೆ ಇಳಿಯಿತು, 2015-16ರಲ್ಲಿ 30ಕ್ಕೆ. ಒಂದು ನಿಯಮ ಮುಂದಿದ್ದವರ ಬೀಗ ಕಿತ್ತಿತು, ಇನ್ನೊಂದು ಹಿಂದಿದ್ದವರ ಕೈಗೆ ಏಣಿ ಕೊಟ್ಟಿತು.

ಹಾಗಂತ ಬೀಗ ಇದ್ದ ಕಾಲದಲ್ಲಿ ಎಲ್ಲರೂ ಅದನ್ನು ಹಾಕಿಕೊಳ್ಳುತ್ತಿದ್ದರಾ? ಇಲ್ಲೇ ನನಗೆ ಅತಿ ಇಷ್ಟದ ಕತೆ ಇರೋದು. ಜಾನ್ ವುಡನ್ ಕೋಚ್ ಆಗಿದ್ದ ಕ್ಯಾಲಿಫೋರ್ನಿಯಾದ ಯುಸಿಎಲ್‌ಎ 12 ವರ್ಷದಲ್ಲಿ 10 ಸಲ ಚಾಂಪಿಯನ್. 1971-72ರಲ್ಲಿ 30 ಆಟ, 30 ಗೆಲುವು, ಸರಾಸರಿ ಅಂತರ 30.3 ಪಾಯಿಂಟ್. ಅಂಥಾ ತಂಡ ಸತತ 88 ಆಟ ಗೆದ್ದು 1974ರ ಜನವರಿ 19ರಂದು ನೋಟರ್ ಡೇಮ್‌ಗೆ ಹೋಯಿತು. ಮೂರೂವರೆ ನಿಮಿಷದ ಆಸುಪಾಸು ಬಾಕಿ ಇದ್ದಾಗ 70-59. ಶಾಟ್ ಕ್ಲಾಕ್ ಇಲ್ಲ, ಥ್ರೀ ಪಾಯಿಂಟ್ ಇಲ್ಲ. ಚೆಂಡನ್ನು ಮಗುವಿನ ಥರ ಎತ್ತಿಕೊಂಡು ನಿಂತಿದ್ದರೂ ಸಾಕಿತ್ತು. ನಿಲ್ಲಲಿಲ್ಲ. ಅವರು ಎಂದಿನ ಆಟವನ್ನೇ ಆಡಿದರು, ಏಕೆಂದರೆ ಮೂರು ವರ್ಷದಿಂದ ಅವರಿಗೆ ಬೇರೆ ಆಟ ಬೇಕಾಗಿಯೇ ಇರಲಿಲ್ಲ. ನೋಟರ್ ಡೇಮ್‌ನವರ ಒಂದು ಬುಟ್ಟಿ ಬಿತ್ತು, ಪಾಸ್ ಕದ್ದು ಇನ್ನೊಂದು, ಆಮೇಲೆ ಮತ್ತೊಂದು. ವುಡನ್‌ಗೆ ಟೈಮ್ ಔಟ್ ಕರೆಯುವುದು ಮೊದಲಿಂದಲೂ ಅಷ್ಟಕ್ಕಷ್ಟೆ. ಕೊನೆಗೆ ಡ್ವೈಟ್ ಕ್ಲೇ ಬಲ ಮೂಲೆಯಿಂದ, ಬೀಳುತ್ತಾ ಬೀಳುತ್ತಾ ಒಂದು ಶಾಟ್ ಹಾಕಿದ. ಸತತ 12 ಪಾಯಿಂಟ್, 71-70. ಆ 88ರ ಓಟ ಶುರುವಾಗುವ ಮುಂಚೆ ಅವರು ಕೊನೆಯದಾಗಿ ಸೋತಿದ್ದದ್ದೂ ಇದೇ ಅಂಗಳದಲ್ಲಿ.

ಅದು ಆಕಸ್ಮಿಕ ಅನ್ನೋಣ ಅಂದರೆ, ಅದೇ ವರ್ಷ ಸೆಮಿಫೈನಲ್‌ನಲ್ಲಿ ನಾರ್ತ್ ಕ್ಯಾರೊಲೈನಾ ಸ್ಟೇಟ್ ಎದುರು ಎರಡನೇ ಓವರ್‌ಟೈಮ್‌ನಲ್ಲಿ ಏಳು ಪಾಯಿಂಟ್ ಮುಂದಿದ್ದು ಮತ್ತೆ ಸೋತರು, 80-77. ಬಿಲ್ ವಾಲ್ಟನ್‌ನಂಥ ದೊಡ್ಡ ಆಟಗಾರ ಇದ್ದ ತಂಡ ಕಣ್ರೀ. ಕತೆ ಮುಗಿಸುವ ಅಭ್ಯಾಸ ಇರಲಿಲ್ಲ, ಯಾಕಂದ್ರೆ ಕತೆ ಯಾವಾಗಲೂ ಅರ್ಧದಲ್ಲೇ ಮುಗಿದಿರುತ್ತಿತ್ತು.

ಹಿಂದಿದ್ದವರಿಗೆ ಇನ್ನೊಂದು ಅಸ್ತ್ರ ಇದೆ, ಬೇಕಂತಲೇ ಫೌಲ್ ಮಾಡೋದು. ನೋಡಲು ಹೇಡಿತನ ಅನ್ನಿಸುತ್ತೆ, ಲೆಕ್ಕ ಮಾತ್ರ ಪಕ್ಕಾ. ಎದುರಾಳಿ ಒಂದು ಅರ್ಧದಲ್ಲಿ ಏಳನೇ ಫೌಲ್ ಮಾಡಿದಾಗಿಂದ ಸಿಗೋದು ಒನ್ ಅಂಡ್ ಒನ್. ಅಂದ್ರೆ ಮೊದಲ ಫ್ರೀ ಥ್ರೋ ಬಿದ್ದರೆ ಮಾತ್ರ ಎರಡನೆಯದು. ತಪ್ಪಿದರೆ ಚೆಂಡು ಫೌಲ್ ಮಾಡಿದವರಿಗೂ ಸಿಗಬಹುದು. ಹತ್ತನೇ ಫೌಲಿನಿಂದ ಆಚೆಗೆ ನೇರವಾಗಿ ಎರಡು. ಎನ್‌ಬಿಎಯಲ್ಲಿ ಈ ಒನ್ ಅಂಡ್ ಒನ್ ಇಲ್ಲ, ಹೆಣ್ಣು ಮಕ್ಕಳ ಕಾಲೇಜು ಆಟದಲ್ಲೂ 2015-16ರಲ್ಲಿ ತೆಗೆದುಹಾಕಿದರು. ಪ್ರಾಕ್ಟರ್ ತಪ್ಪಿಸಿದ್ದು ಇಂಥದ್ದೇ ಒಂದನ್ನು. ಎನ್‌ಬಿಎ ನಿಯಮ ಇದ್ದಿದ್ದರೆ ಅವನಿಗೆ ಇನ್ನೊಂದು ಖಂಡಿತ ಸಿಗುತ್ತಿತ್ತು.

ಹೀಗೆ ಫೌಲ್ ಮಾಡೋದನ್ನು ಊರಿಗೆಲ್ಲ ಕಲಿಸಿದ್ದು 1983ರಲ್ಲಿ ಕೋಚ್ ಜಿಮ್ ವಾಲ್ವಾನೊ ಅನ್ನಬಹುದು. ಅವರ ನಾರ್ತ್ ಕ್ಯಾರೊಲೈನಾ ಸ್ಟೇಟ್ ಆ ಸೀಸನ್ ಕೊನೆಯಲ್ಲಿ ಹಿಂದೆ ಬಿದ್ದಾಗಲೆಲ್ಲ ಫೌಲ್ ಮಾಡಿ ಮಾಡಿಯೇ ಫೈನಲ್ ತನಕ ಬಂತು. ಎದುರಿಗೆ ಸತತ 26 ಗೆದ್ದಿದ್ದ ಹ್ಯೂಸ್ಟನ್, ಅದರಲ್ಲಿ ಒಲಾಜುವಾನ್, ಡ್ರೆಕ್ಸ್ಲರ್. ಮುಂದಿದ್ದ ಹ್ಯೂಸ್ಟನ್ ಇದ್ದಕ್ಕಿದ್ದಂತೆ ಓಟ ನಿಲ್ಲಿಸಿ ಚೆಂಡು ಹಿಡಿದುಕೊಳ್ಳಲು ಹೊರಟಿತು. ಓಡುವುದೇ ಕಸುಬಾಗಿದ್ದ ತಂಡಕ್ಕೆ ನಿಲ್ಲುವುದು ಬರಲಿಲ್ಲ. ಫ್ರೀ ಥ್ರೋ ತಪ್ಪಿದವು, ಲೊರೆಂಜೊ ಚಾರ್ಲ್ಸ್ ಕೊನೇ ಕ್ಷಣದಲ್ಲಿ ಗಾಳಿಯಲ್ಲಿದ್ದ ಚೆಂಡನ್ನು ಬುಟ್ಟಿಗೆ ತುರುಕಿದ, 54-52. ಯುಸಿಎಲ್‌ಎ ಸೋತದ್ದು ಆಟ ಬದಲಾಯಿಸದೆ, ಹ್ಯೂಸ್ಟನ್ ಸೋತದ್ದು ಬದಲಾಯಿಸಿ. ಕೋಚ್‌ಗಳ ತಲೆ ಕೆಡದೆ ಇರುತ್ತಾ?

2008ರ ಮೆಂಫಿಸ್ ಕತೆಯಲ್ಲಿ ಮಾತ್ರ ತಲೆಕೆಡಿಸಿಕೊಳ್ಳುವುದು ಏನೂ ಇಲ್ಲ. ಕ್ಯಾನ್ಸಸ್ ಎದುರು ಫೈನಲ್, 2 ನಿಮಿಷ 12 ಸೆಕೆಂಡ್ ಇದ್ದಾಗ 9 ಪಾಯಿಂಟ್ ಮುಂದೆ. ಅವರ ಫ್ರೀ ಥ್ರೋ ಕೆಟ್ಟದು ಅಂತ ವರ್ಷವಿಡೀ ಎಲ್ಲರೂ ಹೇಳುತ್ತಿದ್ದರು. ಕೋಚ್ ಕ್ಯಾಲಿಪರಿ ಹೊತ್ತು ಬಂದಾಗ ಹುಡುಗರು ಹಾಕುತ್ತಾರೆ ಅಂತಿದ್ದರು. ಹೊತ್ತು ಬಂತು. ಕೊನೆಯ ಒಂದೂಕಾಲು ನಿಮಿಷದಲ್ಲಿ ಐದರಲ್ಲಿ ಬಿದ್ದದ್ದು ಒಂದು. ಮಾರಿಯೊ ಚಾಲ್ಮರ್ಸ್ ಥ್ರೀ ಹಾಕಿ ಸಮ ಮಾಡಿದ, ಓವರ್‌ಟೈಮ್‌ನಲ್ಲಿ ಕ್ಯಾನ್ಸಸ್ 75-68.

ಅದೇ 2008ರಲ್ಲಿ, ಬೇಸ್‌ಬಾಲ್ ಅಂಕಿಅಂಶಗಳಿಗೆ ಹೆಸರಾದ ಬಿಲ್ ಜೇಮ್ಸ್ ಒಂದು ಲೆಕ್ಕ ಕೊಟ್ಟರು. ಎಷ್ಟು ಮುಂದಿದ್ದೀರೋ ಅದರಲ್ಲಿ 3 ಕಳೆಯಿರಿ. ಚೆಂಡು ನಿಮ್ಮ ಹತ್ತಿರ ಇದ್ದರೆ ಅರ್ಧ ಸೇರಿಸಿ, ಅವರ ಹತ್ತಿರ ಇದ್ದರೆ ಅರ್ಧ ಕಳೆಯಿರಿ. ಬಂದದ್ದನ್ನು ಅದರಿಂದಲೇ ಗುಣಿಸಿ. ಉತ್ತರ ಉಳಿದ ಸೆಕೆಂಡಿಗಿಂತ ಜಾಸ್ತಿ ಇದ್ದರೆ ಎದ್ದು ಮನೆಗೆ ಹೋಗಬಹುದು. ಈಗ ಡ್ಯೂಕಿನ 14ಕ್ಕೆ ಹಾಕಿ ನೋಡಿ. ಆ ಅರ್ಧವನ್ನು ಬದಿಗಿಟ್ಟರೆ 11 ಹನ್ನೊಂದಲೆ 121. ಉಳಿದಿದ್ದದ್ದು 490 ಚಿಲ್ಲರೆ ಸೆಕೆಂಡ್. ಮಲಗಬೇಕಿದ್ದರೆ ಆಗ 25ಕ್ಕಿಂತ ಮೇಲೆ ಇರಬೇಕಿತ್ತು! ಎರಡು ನಿಮಿಷ ಇದ್ದಾಗ ಕೂಡ 14ರ ಹತ್ತಿರ ಬೇಕು. ನಮ್ಮ ಕಣ್ಣಿಗೆ ದೊಡ್ಡದಾಗಿ ಕಾಣುವ ಅಂತರ ಲೆಕ್ಕಕ್ಕೆ ಎಷ್ಟು ಸಣ್ಣದು ನೋಡಿ.

ಈ ಲೆಕ್ಕವನ್ನೂ ಮೀರಿದವರಿದ್ದಾರೆ. 1974ರ ಮಾರ್ಚ್‌ನಲ್ಲಿ ಕ್ಯಾರೊಲೈನಾ ಕೊನೆಯ 17 ಸೆಕೆಂಡಿನಲ್ಲಿ 8 ಪಾಯಿಂಟ್ ಹಾಕಿ ಡ್ಯೂಕನ್ನು ಓವರ್‌ಟೈಮ್‌ಗೆ ಎಳೆದು ಗೆದ್ದಿತು, ಅದೂ ಥ್ರೀ ಪಾಯಿಂಟ್ ಇಲ್ಲದ ಕಾಲದಲ್ಲಿ. 2016ರಲ್ಲಿ ಟೆಕ್ಸಸ್ ಎ ಅಂಡ್ ಎಂ 44 ಸೆಕೆಂಡ್ ಇದ್ದಾಗ ನಾರ್ದರ್ನ್ ಅಯೋವಾಗಿಂತ 12 ಹಿಂದಿತ್ತು, ಎರಡು ಓವರ್‌ಟೈಮ್ ಆಡಿ 92-88 ಗೆದ್ದಿತು. ಇಂಥ ಆಟಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಎಡವಿದ ಜಾಗ ಒಂದೇ ಅನ್ನೋದು ಗೊತ್ತಾಗುತ್ತೆ. ತಮ್ಮದೇ ಬುಟ್ಟಿಯ ಕೆಳಗೆ, ಗೆರೆಯಾಚೆ ನಿಂತು ಚೆಂಡನ್ನು ಒಳಗೆ ಹಾಕುವ ಆ ಐದು ಸೆಕೆಂಡ್. ಎಲ್ಲರ ಮೇಲೂ ಒಬ್ಬೊಬ್ಬ ಅಂಟಿಕೊಂಡಿರುತ್ತಾನೆ, ರೆಫರಿ ಕೈ ಬೀಸಿ ಎಣಿಸುತ್ತಿರುತ್ತಾನೆ. ಅಲ್ಲಿ ಒಂದು ಸಲ ಚೆಂಡು ಹೋಯಿತು ಅಂದರೆ ಅವರು ಬುಟ್ಟಿಗೆ ಎರಡೇ ಹೆಜ್ಜೆ ದೂರ. ನಾರ್ದರ್ನ್ ಅಯೋವಾ ಜಾರಿದ್ದು ಅಲ್ಲೇ, ಡ್ಯೂಕ್ ಎರಡೂ ಸಲ ಜಾರಿದ್ದು ಅಲ್ಲೇ, 1974ರಲ್ಲೂ 2025ರಲ್ಲೂ.

ಹಾಗಾದರೆ ಯಾರಿಗೂ ಸಾಧ್ಯ ಇಲ್ಲವಾ? ಇದೆ. ಕನೆಕ್ಟಿಕಟ್ ತಂಡ, ಜನ ಯುಕಾನ್ ಅಂತಾರೆ. 2023ರ ಎನ್‌ಸಿಎಎ ಟೂರ್ನಿಯಲ್ಲಿ (ಇಡೀ ದೇಶದ ಕಾಲೇಜು ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಟೂರ್ನಿ) ಆರಕ್ಕೆ ಆರೂ ಗೆದ್ದರು, ಅತಿ ಕಡಿಮೆ ಅಂತರ 13. 2024ರಲ್ಲಿ ಮತ್ತೆ ಆರಕ್ಕೆ ಆರು, ಅತಿ ಕಡಿಮೆ 14, ಒಟ್ಟು ಅಂತರ 140. ಇಲಿನಾಯ್ ಎದುರು 23-23 ಸಮ ಇದ್ದ ಆಟದಲ್ಲಿ ಒಂದೇ ಉಸಿರಿಗೆ 30-0 ಹಾಕಿದರು. ಡೊನೊವನ್ ಕ್ಲಿಂಗನ್ ಅನ್ನುವ ಎತ್ತರದ ಹುಡುಗ ಕೈ ಎತ್ತಿ ನಿಂತ 19 ಶಾಟ್‌ಗಳಲ್ಲಿ ಇಲಿನಾಯ್ ಹಾಕಿದ್ದು ಸೊನ್ನೆ. ಕೊನೆಯ ಎರಡು ನಿಮಿಷವನ್ನು ಇವರು ಚೆನ್ನಾಗಿ ಆಡಿದರು ಅಂತಲ್ಲ, ಆ ಎರಡು ನಿಮಿಷಕ್ಕೆ ಏನೂ ಉಳಿಸಲೇ ಇಲ್ಲ. ಇದೇ ಯುಕಾನ್ 2023ರ ಶುರುವಿನಲ್ಲಿ ಎಂಟು ಆಟದಲ್ಲಿ ಆರು ಸೋತಿತ್ತು ಅಂದರೆ ನಂಬುತ್ತೀರಾ? 2025ರಲ್ಲಿ ಆಟ ಕೊನೆಯವರೆಗೂ ಎಳೆದಾಗ ಫ್ಲಾರಿಡಾ ಎದುರು ಎರಡು ಪಾಯಿಂಟ್‌ನಿಂದ ಸೋತು ಮನೆಗೆ ಹೋದರು.

ಆ ಫ್ಲಾರಿಡಾವೇ ಫೈನಲ್ ತಲುಪಿತು. ಡ್ಯೂಕ್ ಮಣ್ಣುಮುಕ್ಕಿದ ಎರಡು ದಿನಕ್ಕೆ, ಅದೇ ಅಲಮೋಡೋಮ್. ಎದುರಿಗೆ ಹ್ಯೂಸ್ಟನ್. ಈ ಸಲ ಎರಡನೇ ಅರ್ಧದಲ್ಲಿ 12 ಪಾಯಿಂಟ್ ಮುಂದಿದ್ದದ್ದು ಹ್ಯೂಸ್ಟನ್. ಆ ಅಂತರ ಕರಗುತ್ತಾ ಕರಗುತ್ತಾ 65-63 ಆಯಿತು, ಫ್ಲಾರಿಡಾ ಮುಂದೆ. ಕೊನೆಯ ಸೆಕೆಂಡುಗಳಲ್ಲಿ ಶಾರ್ಪ್ ಥ್ರೀ ಹೊಡೆಯಲು ಎಗರಿದ, ಎದುರಿಗೆ ಫ್ಲಾರಿಡಾದ ಕ್ಲೇಟನ್ ಹಾರಿ ಬಂದ, ಶಾರ್ಪ್ ಗಾಳಿಯಲ್ಲೇ ಚೆಂಡು ಕೈಬಿಟ್ಟ. ನೆಲಕ್ಕೆ ಬಿದ್ದು ಪುಟಿಯುತ್ತಿದ್ದ ಚೆಂಡನ್ನು ಅವನು ಮೊದಲು ಮುಟ್ಟಿದರೆ ಟ್ರಾವೆಲ್ ಅನ್ನುವ ತಪ್ಪು, ಚೆಂಡು ಎದುರಾಳಿಗೆ. ಎರಡು ದಿನದ ಹಿಂದೆ ಡ್ಯೂಕಿನ ಕತೆ ತಿರುಗಿಸಿದ ಥ್ರೀ ಹಾಕಿದ್ದ ಅದೇ ಹುಡುಗ, ಕೈಯಳತೆಯಲ್ಲಿ ಪುಟಿಯುತ್ತಿದ್ದ ಚೆಂಡನ್ನು ನೋಡುತ್ತಾ ನಿಂತ. ಫ್ಲಾರಿಡಾದವರು ಅದರ ಮೇಲೆ ಬಿದ್ದರು.