ಕಮೆನ್ಸ್: ಫ್ರಾನ್ಸಿನಲ್ಲಿ ಮನೆಮಾತು, ಇಂಗ್ಲಿಷಿನಲ್ಲಿ ಕಚೇರಿ ಮಾತು

ಬೆಂಗಳೂರಿನಲ್ಲಿ ಫ್ಲ್ಯಾಟ್ ಹುಡುಕಿ ಅಲೆದವರಿಗೆ 'ಕಮೆನ್ಸ್‌ಮೆಂಟ್ ಸರ್ಟಿಫಿಕೇಟ್' ಅನ್ನುವ ಮಾತು ಗೊತ್ತು. ಕಟ್ಟಡದ ಕೆಲಸ ಶುರು ಮಾಡಲು ಸಿಗುವ ಅನುಮತಿ ಪತ್ರ ಅದು. ಅದನ್ನೇ 'ಸ್ಟಾರ್ಟ್ ಸರ್ಟಿಫಿಕೇಟ್' ಅಂದುಬಿಟ್ಟರೆ? ಅರ್ಥ ಕೆಡುವುದಿಲ್ಲ, ಗತ್ತು ಮಾತ್ರ ಹೋಗುತ್ತದೆ.

ಈ ಗತ್ತು 'ಕಮೆನ್ಸ್', ಅಂದರೆ 'ಶುರುವಾಗು' ಎನ್ನುವ ಇಂಗ್ಲಿಷ್ ಪದಕ್ಕೆ ಹುಟ್ಟಿನಿಂದ ಬಂದದ್ದಲ್ಲ. ಫ್ರಾನ್ಸಿನಲ್ಲಿ ಇದರ ಒಡಹುಟ್ಟು 'ಕೊಮಾಂಸೆ' ಅಡುಗೆಮನೆಯಲ್ಲೂ ಓಡಾಡುವ ಮಾತು. ಪುಟ್ಟ ಮಗು ಕೂಡ ಆಡುತ್ತದೆ. ಬೇರು ಲ್ಯಾಟಿನ್ನಿನ 'ಇನಿಟಿಯುಮ್', ಅಂದರೆ ಒಳಗೆ ಹೋಗುವುದು. 1066ರಲ್ಲಿ ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಅರಮನೆಯ, ಆಮೇಲೆ ಕೋರ್ಟಿನ ಮಾತಾಯಿತು. ಹೊಲದಲ್ಲಿ ದುಡಿಯುವವರು ತಮ್ಮ ಹಳೆಯ 'ಬಿಗಿನ್' ಬಿಡಲಿಲ್ಲ. ಒಂದೇ ಕೆಲಸಕ್ಕೆ ಎರಡು ಪದ ಉಳಿದವು. ಒಂದು ಮನೆಗೆ, ಇನ್ನೊಂದು ಕಚೇರಿಗೆ. ಇನ್ನು 'ಸ್ಟಾರ್ಟ್' ಅಂದರೆ ಮೊದಲು ಬೆಚ್ಚಿ ನೆಗೆಯುವುದು. 'ಶುರು ಮಾಡು' ಎಂಬ ಅರ್ಥ ಅದಕ್ಕೆ ಎಷ್ಟೋ ಕಾಲದ ಮೇಲೆ ಅಂಟಿಕೊಂಡಿತು.

ಹಾಗಾಗಿ ಬಳಕೆಯಲ್ಲೂ ಜಾಗ ಬೇರೆ ಬೇರೆ. ವಿಚಾರಣೆ, ಪರೀಕ್ಷೆ, ಕಾಮಗಾರಿ ಕಮೆನ್ಸ್ ಆಗುತ್ತವೆ. ಕಾರು ಮಾತ್ರ ಸ್ಟಾರ್ಟ್ ಆಗಬೇಕು. ಗೆಳೆಯನಿಗೆ 'ಊಟ ಕಮೆನ್ಸ್ ಮಾಡೋಣ' ಎಂದು ಇಂಗ್ಲಿಷಿನಲ್ಲಿ ಬರೆದರೆ ಅವನು ತಮಾಷೆ ಅಂದುಕೊಳ್ಳುತ್ತಾನೆ. ಅರ್ಜಿಯಲ್ಲಿ ಈ ಪದ ತುರುಕಿದರೆ ಇಂಗ್ಲಿಷ್ ಚೆನ್ನಾಗಿ ಕಾಣುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಜಾಸ್ತಿ. ನನಗಂತೂ ಅದು ಮದುವೆ ಕೋಟು ಹಾಕಿಕೊಂಡು ಹಾಲಿನ ಅಂಗಡಿಗೆ ಹೋದ ಹಾಗೆ ಕಾಣುತ್ತದೆ.

ಕನ್ನಡದ ಕಥೆ ಇನ್ನೂ ಮಜವಾಗಿದೆ. 'ತೊಡಗು' ನಮ್ಮದೇ ದ್ರಾವಿಡ ಪದ, ತಮಿಳಿನಲ್ಲಿ ಅದು 'ತೊಡಂಗು'. 'ಪ್ರಾರಂಭ' ಸಂಸ್ಕೃತದ್ದು. 'ಶುರು' ಅರಬ್ಬಿ ಮೂಲದ್ದು, ಪಾರಸಿ ದಾರಿಯಲ್ಲಿ ಬಂದದ್ದು. ಅರಬ್ಬಿಯಲ್ಲೂ ಆ ಬೇರಿಗೆ ಒಳಗೆ ಇಳಿಯುವ ಅರ್ಥವಿದೆ. ಲ್ಯಾಟಿನ್ನಿಗೂ ಅರಬ್ಬಿಗೂ ಸಂಬಂಧವಿಲ್ಲ, ಆದರೂ ಶುರು ಮಾಡುವುದೆಂದರೆ ಒಳಗೆ ಕಾಲಿಡುವುದು ಎಂದು ಎರಡಕ್ಕೂ ಹೊಳೆದಿದೆ.

ಪಾರಸಿಯೂ ಸುಲ್ತಾನರ ದರ್ಬಾರಿನ ಭಾಷೆಯೇ. ಫ್ರೆಂಚಿನಂತೆ ಅದರ ಪದಕ್ಕೂ ಇಲ್ಲಿ ಗತ್ತು ಸಿಗಬೇಕಿತ್ತು. ಸಿಗಲಿಲ್ಲ, 'ಶುರು' ಬೀದಿಗೆ ಇಳಿಯಿತು. ಎತ್ತರದ ಪೀಠದಲ್ಲಿ ಸಂಸ್ಕೃತ ಆಗಲೇ ಕೂತಿತ್ತು ಅನ್ನುವುದು ನನ್ನ ಊಹೆ. ಪದದ ದೊಡ್ಡಸ್ತಿಕೆ ಅದು ಎಲ್ಲಿಂದ ಬಂತು ಅನ್ನುವುದಕ್ಕಿಂತ, ಬಂದಾಗ ಯಾವ ಕುರ್ಚಿ ಖಾಲಿ ಇತ್ತು ಅನ್ನುವುದರ ಮೇಲೆ ನಿಂತಂತಿದೆ.

ಕಾನೂನಿನಲ್ಲಿ ಮಾತ್ರ 'ಕಮೆನ್ಸ್' ಸುಮ್ನೆ ಕೂತಿಲ್ಲ. ಸಂವಿಧಾನಕ್ಕೆ ಒಪ್ಪಿಗೆ ಸಿಕ್ಕಿದ್ದು 1949ರ ನವೆಂಬರ್ 26ರಂದು. ಪೌರತ್ವ, ಚುನಾವಣೆಗೆ ಸೇರಿದ ಕೆಲವು ವಿಧಿಗಳು ಅಂದೇ ಜಾರಿಗೆ ಬಂದವು. ಉಳಿದವು ಬಂದದ್ದು 1950ರ ಜನವರಿ 26ಕ್ಕೆ. ಹಾಗಾದರೆ ಸಂವಿಧಾನ ಶುರುವಾದದ್ದು ಯಾವತ್ತು? ಈ ಎರಡನೇ ದಿನವೇ 'ಕಮೆನ್ಸ್‌ಮೆಂಟ್' ಎಂದು 394ನೇ ವಿಧಿ ಹೇಳಿಬಿಟ್ಟಿದೆ. ನಮ್ಮ ರಾಜ್ಯದ ಕಾಯ್ದೆಗಳ ಮೊದಲ ಪ್ರಕರಣ ತೆರೆದರೂ 'ಸಂಕ್ಷಿಪ್ತ ಹೆಸರು ಮತ್ತು ಪ್ರಾರಂಭ' ಅಂತ ಇರುತ್ತದೆ. ಅಲ್ಲಿ 'ಶುರು' ಅಂತ ಹಾಕಿ ಒಮ್ಮೆ ಗಟ್ಟಿಯಾಗಿ ಓದಿ ನೋಡಿ.