ಉರ್ಗಾದ ಕೊರಿಯನ್ ವೈದ್ಯ: ಚಿಕಿತ್ಸಾಲಯದಿಂದ ಸ್ವಾತಂತ್ರ್ಯ ಹೋರಾಟದವರೆಗೆ

ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್‌ನಲ್ಲಿ, ಜೈಸಾನ್ ಗುಡ್ಡದ ಸಮೀಪ, ಕೊರಿಯಾದ ವೈದ್ಯ ಇ ಟೇಜುನ್ ಅವರ ಹೆಸರಿನಲ್ಲಿ ಸ್ಮಾರಕ ಉದ್ಯಾನವಿದೆ. ಅವರನ್ನು ಕೆಲವರು ಮಂಗೋಲ ಅರಸನ ವೈದ್ಯರೆಂದು, ಕೆಲವರು ಸ್ವಾತಂತ್ರ್ಯ ಹೋರಾಟಗಾರರೆಂದು, ಇನ್ನು ಕೆಲವರು ಸೋವಿಯತ್ ಹಣ ಸಾಗಿಸಿದವರೆಂದು ಪರಿಚಯಿಸುತ್ತಾರೆ. ಮೂರೂ ನಿಜ. ಇವನ್ನು ಬೇರೆ ಬೇರೆ ಕಥೆಗಳಂತೆ ಹೇಳುತ್ತ ಬಂದಿದ್ದರಿಂದಲೇ ಅವರ ಬದುಕು ಓದುಗರಿಗೆ ಗೋಜಲಾಗಿ ಕಾಣುತ್ತದೆ.

ಇ (ಇದು ಅವರ ಮನೆತನದ ಹೆಸರು) ಹುಟ್ಟಿದ್ದು 1883ರಲ್ಲಿ, ಕೊರಿಯಾದ ದಕ್ಷಿಣ ಭಾಗದ ಹಾಮಾನ್‌ನಲ್ಲಿ. 1905ರಲ್ಲಿ ಜಪಾನಿನ ರಕ್ಷಿತ ರಾಜ್ಯವಾದ ಕೊರಿಯಾ 1910ರಲ್ಲಿ ಸಂಪೂರ್ಣವಾಗಿ ಅದರ ವಶವಾಯಿತು. ಮರುವರ್ಷ ಇ ಸೋಲ್‌ನ ಸೆವೆರೆನ್ಸ್ ವೈದ್ಯಕೀಯ ಶಾಲೆಯಿಂದ ಪದವಿ ಪಡೆದರು. ಅಲ್ಲಿದ್ದಾಗಲೇ ರಾಷ್ಟ್ರೀಯ ನಾಯಕ ಆನ್ ಚಾಂಗ್‌ಹೋ ಅವರ ಪ್ರಭಾವಕ್ಕೆ ಒಳಗಾಗಿದ್ದ ಅವರು, ರಾಷ್ಟ್ರವಾದಿಗಳ ಸಾಮೂಹಿಕ ಬಂಧನ ಶುರುವಾದಾಗ ಚೀನಾಕ್ಕೆ ತಪ್ಪಿಸಿಕೊಂಡು ಹೋಗಿ ನಾನ್‌ಜಿಂಗ್‌ನ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡಿದರು.

1914ರಲ್ಲಿ ಅವರು ಕೊರಿಯಾದ ಸ್ವಾತಂತ್ರ್ಯ ಹೋರಾಟಗಾರ ಕಿಮ್ ಕ್ಯುಸಿಕ್ ಜೊತೆ ಉರ್ಗಾ ತಲುಪಿದರು. ಇಂದಿನ ಉಲಾನ್‌ಬಾತರ್ ಅದೇ. ಸ್ವಾತಂತ್ರ್ಯ ಸೇನೆಗೆ ಅಧಿಕಾರಿಗಳನ್ನು ತರಬೇತುಗೊಳಿಸುವ ಶಾಲೆ ತೆರೆಯಬೇಕೆಂಬುದು ಮೂಲ ಯೋಜನೆ. ನಿರೀಕ್ಷಿಸಿದ ಹಣ ಬಾರದೆ ಅದು ಕೈಗೂಡಲಿಲ್ಲ. ಇ ಚಿಕಿತ್ಸಾಲಯ ತೆರೆದರು. ಲೈಂಗಿಕ ರೋಗಗಳು, ಮುಖ್ಯವಾಗಿ ಸಿಫಿಲಿಸ್, ವ್ಯಾಪಕವಾಗಿದ್ದ ಆ ನಾಡಿನಲ್ಲಿ ಆಧುನಿಕ ಔಷಧಿ ಬಲ್ಲ ವೈದ್ಯರು ತೀರ ವಿರಳವಾಗಿದ್ದರು. ಅವರೊಬ್ಬರೇ ಆ ರೋಗವನ್ನು ನಿರ್ಮೂಲ ಮಾಡಿದರೆಂಬ ಮಾತು ಅಭಿಮಾನದ ಉತ್ಪ್ರೇಕ್ಷೆ. ಒಂದು ಚಿಕಿತ್ಸಾಲಯದಿಂದ ಆಗುವ ಕೆಲಸ ಅದಲ್ಲ. ಆದರೆ ಅವರ ಮೇಲೆ ಜನರಿಟ್ಟ ನಂಬಿಕೆ ದೊಡ್ಡದಾಗಿತ್ತು. ಮಂಗೋಲಿಯಾದ ಧರ್ಮಗುರುವೂ ಅರಸನೂ ಆಗಿದ್ದ ಬೋಗ್ದ್ ಖಾನ್, ಇ ಅವರನ್ನು ತನ್ನ ವೈದ್ಯರನ್ನಾಗಿ ಮಾಡಿಕೊಂಡದ್ದಲ್ಲದೆ 1919ರಲ್ಲಿ ಉನ್ನತ ಪದಕವನ್ನೂ ನೀಡಿದ.

ಈ ನಂಬಿಕೆಯೇ ಹೋರಾಟಕ್ಕೂ ಆಸರೆಯಾಯಿತು. ಚೀನಾ ಮತ್ತು ರಷ್ಯಾಗಳ ನಡುವೆ ಓಡಾಡುತ್ತಿದ್ದ ಕೊರಿಯನ್ ಕಾರ್ಯಕರ್ತರಿಗೆ ಅವರ ಚಿಕಿತ್ಸಾಲಯ ತಂಗುದಾಣವಾಗಿತ್ತು. ಮೊದಲ ಮಹಾಯುದ್ಧದ ನಂತರದ ಪ್ಯಾರಿಸ್ ಶಾಂತಿ ಸಮ್ಮೇಳನದಲ್ಲಿ ಕೊರಿಯಾದ ಪರ ವಾದಿಸಲು ಹೊರಟ ಕಿಮ್ ಕ್ಯುಸಿಕ್‌ಗೆ ಅವರು ಹಣ ಕೊಟ್ಟರು. ಕೊರಿಯಾದ ಹೋರಾಟಕ್ಕೆ ಮಾಸ್ಕೋ ಕಳಿಸಿದ ಚಿನ್ನದ ಒಂದು ಪಾಲನ್ನು ಶಾಂಘೈನಲ್ಲಿದ್ದ ಕೊರಿಯನ್ ಹೋರಾಟಗಾರರಿಗೆ ಮುಟ್ಟಿಸುವ ಹೊಣೆ ಹೊತ್ತರು. ಕಿಮ್ ವೊನ್‌ಬಾಂಗ್ ಅವರ ಸಶಸ್ತ್ರ ಗುಂಪಿಗೆ ಬಾಂಬ್ ತಯಾರಿಸಬಲ್ಲ ಹಂಗೇರಿಯನ್ನನೊಬ್ಬನ ಪರಿಚಯ ಮಾಡಿಸಲು ಮುಂದಾದವರೂ ಅವರೇ. 1921ರ ಫೆಬ್ರವರಿಯಲ್ಲಿ ರಷ್ಯಾದ ಕ್ರಾಂತಿವಿರೋಧಿ ಸೇನಾನಿ ಉಂಗರ್ನ್‌ನ ಪಡೆಗಳು ಉರ್ಗಾವನ್ನು ವಶಪಡಿಸಿಕೊಂಡಾಗ ಇ ಕೊಲೆಯಾದರು. ಆಗ ಅವರಿಗೆ ನಲವತ್ತೂ ತುಂಬಿರಲಿಲ್ಲ.

ಆಮೇಲೆ ಹಲವು ದಶಕಗಳ ಮೌನ. ಮಂಗೋಲಿಯಾ ಸೋವಿಯತ್ ಬಣದಲ್ಲಿತ್ತು, ದಕ್ಷಿಣ ಕೊರಿಯಾ ಅಮೆರಿಕದ ಬಣದಲ್ಲಿ. 1948ರಲ್ಲಿ ಕಿಮ್ ವೊನ್‌ಬಾಂಗ್ ಉತ್ತರ ಕೊರಿಯಾಕ್ಕೆ ಹೋದ ಮೇಲೆ ದಕ್ಷಿಣದಲ್ಲಿ ವೊನ್‌ಬಾಂಗ್ ಅವರ ಹೆಸರೆತ್ತುವುದೇ ಕಷ್ಟವಾಯಿತು. ಮಾಸ್ಕೋದ ಚಿನ್ನದ ವಿಷಯವಂತೂ ಇನ್ನೂ ಕಷ್ಟ. ಎರಡೂ ದೇಶಗಳ ನಡುವೆ 1990ರಲ್ಲಿ ರಾಜತಾಂತ್ರಿಕ ಸಂಬಂಧ ಏರ್ಪಟ್ಟಿತು. ಅದೇ ವರ್ಷ ದಕ್ಷಿಣ ಕೊರಿಯಾ ಇ ಅವರಿಗೆ ಮರಣೋತ್ತರವಾಗಿ ರಾಷ್ಟ್ರ ಸ್ಥಾಪನೆಯ ಗೌರವ ಪದಕ ನೀಡಿತು, ಸ್ಮಾರಕ ಉದ್ಯಾನ ಅನಂತರ ಬಂದಿತು. ಸ್ನೇಹದ ಸಮಾರಂಭಗಳಲ್ಲಿ ವೈದ್ಯರ ಸೇವೆಯನ್ನು ಕೊಂಡಾಡುವುದು ಸುಲಭ, ಸಹಜವೂ ಹೌದು. ಆದರೆ ಆ ವೈದ್ಯರನ್ನು ಉರ್ಗಾಕ್ಕೆ ಕರೆತಂದದ್ದು ಸೇನಾ ಶಾಲೆಯ ಯೋಜನೆ ಎಂಬುದನ್ನೂ ಅದೇ ವೇದಿಕೆಯಲ್ಲಿ ಹೇಳಬೇಕು.