ವಿಮಾನಗಳು ಆಕಾಶದಲ್ಲಿ ಎದುರುಬದುರಾಗೋದು ಹೇಗೆ?

2022ರ ಜನವರಿ 7ರ ಬೆಳಿಗ್ಗೆ ಬೆಂಗಳೂರು ವಿಮಾನ ನಿಲ್ದಾಣದಿಂದ ಇಂಡಿಗೋದ ಎರಡು ವಿಮಾನಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮೇಲೇರಿದವು. ಒಂದು ಕೋಲ್ಕತಾಗೆ, ಇನ್ನೊಂದು ಭುವನೇಶ್ವರಕ್ಕೆ. ಅಕ್ಕಪಕ್ಕದ ರನ್‌ವೇಗಳಿಂದ ಹೊರಟ ಅವು ಮೇಲೆ ಹೋಗ್ತಾ ಹೋಗ್ತಾ ಹತ್ತಿರ ಬರತೊಡಗಿದ್ದವು. ನೆಲದಲ್ಲಿ ಕೂತು ರೇಡಾರ್ ನೋಡುತ್ತಾ ವಿಮಾನಗಳಿಗೆ ದಾರಿ ಹೇಳುತ್ತಿದ್ದ ಕಂಟ್ರೋಲರ್ ಅದನ್ನು ಗಮನಿಸಿ ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರು. 400ಕ್ಕೂ ಜಾಸ್ತಿ ಜನ ಬದುಕಿಕೊಂಡರು.

ತನಿಖೆಯಲ್ಲಿ ಹೊರಬಿದ್ದ ಕಾರಣ ಇಷ್ಟೇ. ಇನ್ನು ಮೇಲೆ ಉತ್ತರದ ರನ್‌ವೇ ಒಂದೇ ಸಾಕು ಅಂತ ಶಿಫ್ಟ್ ಇನ್‌ಚಾರ್ಜ್ ತೀರ್ಮಾನ ಮಾಡಿದ್ದರು, ಆದರೆ ದಕ್ಷಿಣದ ಟವರ್‌ನಲ್ಲಿದ್ದವರಿಗೆ ಆ ಮಾತು ಮುಟ್ಟಲೇ ಇಲ್ಲ. ಅವರೂ ಟೇಕಾಫ್‌ಗೆ ಅನುಮತಿ ಕೊಟ್ಟರು, ಉತ್ತರದ ಟವರಿನವರೂ ಕೊಟ್ಟರು.

ಇಂಥ ಸುದ್ದಿ ಬಂದಾಗೆಲ್ಲ ನಾವು 'ಎಟಿಸಿಯವರ ತಪ್ಪು', ಅಂದರೆ ವಿಮಾನ ಸಂಚಾರ ನಿಯಂತ್ರಿಸುವ ಕಂಟ್ರೋಲರುಗಳ ತಪ್ಪು, ಅಂದು ಸುಮ್ಮನಾಗಿಬಿಡುತ್ತೇವೆ. ಹಳೆಯ ಘಟನೆಗಳನ್ನು ನೋಡಿದರೆ ಅದು ಸಾಲದು ಅನ್ನಿಸುತ್ತದೆ.

1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿ ಮೇಲೆ ಸೌದಿಯ ಬೋಯಿಂಗ್ 747ಕ್ಕೆ ಕಜಕಿಸ್ತಾನದ ಇಲ್ಯೂಶಿನ್ ವಿಮಾನ ಡಿಕ್ಕಿ ಹೊಡೆಯಿತು. ಎರಡರಲ್ಲೂ ಇದ್ದ 349 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಕಜಕ್ ವಿಮಾನ 15,000 ಅಡಿಯಲ್ಲಿ ನಿಲ್ಲಬೇಕಿತ್ತು, ಇನ್ನೂ ಕೆಳಗಿಳಿಯಿತು. ಕಂಟ್ರೋಲರ್ ಸರಿಯಾಗೇ ಹೇಳಿದ್ದರು, ಎದುರಿಗೆ ವಿಮಾನ ಬರ್ತಿದೆ ಅಂತಲೂ ಎಚ್ಚರಿಸಿದ್ದರು. ಆದರೆ ಆಗ ದೆಹಲಿಯ ರೇಡಾರ್‌ನಲ್ಲಿ ವಿಮಾನ ಎಲ್ಲಿದೆ ಅನ್ನೋದು ಕಾಣುತ್ತಿತ್ತೇ ಹೊರತು ಎಷ್ಟು ಎತ್ತರದಲ್ಲಿದೆ ಅನ್ನೋದು ಕಾಣುತ್ತಿರಲಿಲ್ಲ. ಪೈಲಟ್ ಹೇಳಿದ ಎತ್ತರವನ್ನೇ ನಂಬಬೇಕಿತ್ತು. ಅದರ ಮೇಲೆ, ಬರುವ ವಿಮಾನಕ್ಕೂ ಹೋಗುವ ವಿಮಾನಕ್ಕೂ ಒಂದೇ ದಾರಿ, ಯಾಕೆಂದರೆ ಸುತ್ತಲಿನ ಆಕಾಶದ ಬಹುಭಾಗ ವಾಯುಪಡೆಯ ಕೈಯಲ್ಲಿತ್ತು. ಆ ದುರಂತ ಆದಮೇಲೆ ದಾರಿಗಳು ಬೇರೆಯಾದವು. ಎದುರು ವಿಮಾನ ಹತ್ತಿರ ಬಂದರೆ ಪೈಲಟ್‌ಗೇ 'ಮೇಲೇರು', 'ಕೆಳಗಿಳಿ' ಅಂತ ಹೇಳುವ ಟಿಕಾಸ್ ಯಂತ್ರವೂ ಭಾರತದಲ್ಲಿ ಕಡ್ಡಾಯವಾಯಿತು.

ಯಂತ್ರ ಬಂತು, ಇನ್ನೇನು ಭಯ ಅಂತ ಅನ್ನಿಸಬಹುದು. ಆದರೆ ಯಂತ್ರ ಒಂದು ಹೇಳಿ ಕಂಟ್ರೋಲರ್ ಇನ್ನೊಂದು ಹೇಳಿದರೆ?

2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್ಲಿಂಗನ್ ಮೇಲೆ ಆಗಿದ್ದು ಅದೇ. ಆ ಆಕಾಶ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಕೇಂದ್ರದ ಸುಪರ್ದಿಯಲ್ಲಿತ್ತು. ಅಲ್ಲಿ ರಿಪೇರಿ ಕೆಲಸ ನಡೀತಿತ್ತು. ಫೋನ್ ಲೈನ್ ಕೈಕೊಟ್ಟಿತ್ತು. ಜೊತೆಗಿದ್ದವರು ವಿಶ್ರಾಂತಿಗೆ ಹೋಗಿದ್ದರು. ಎರಡು ಪರದೆ, ಒಬ್ಬರೇ ಮನುಷ್ಯ. ಡಿಕ್ಕಿಗೆ ಒಂದು ನಿಮಿಷವೂ ಇಲ್ಲದಾಗ ಅವರು ರಷ್ಯದ ವಿಮಾನಕ್ಕೆ ಕೆಳಗಿಳಿಯಲು ಹೇಳಿದರು. ಕೆಲವೇ ಸೆಕೆಂಡಿನಲ್ಲಿ ಅದರ ಟಿಕಾಸ್ 'ಮೇಲೇರು' ಅಂದಿತು. ಪೈಲಟ್ ಮನುಷ್ಯನ ಮಾತನ್ನೇ ಕೇಳಿದರು. ಎದುರಿದ್ದ ಡಿಎಚ್‌ಎಲ್ ಸರಕು ವಿಮಾನ ತನ್ನ ಟಿಕಾಸ್ ಹೇಳಿದಂತೆ ಇಳಿಯುತ್ತಿತ್ತು. 71 ಜನ ಸತ್ತರು, ಅದರಲ್ಲಿ 52 ಮಕ್ಕಳು. ಹೆಂಡತಿ ಮಕ್ಕಳನ್ನು ಕಳೆದುಕೊಂಡ ಒಬ್ಬ ತಂದೆ 2004ರಲ್ಲಿ ಆ ಕಂಟ್ರೋಲರ್‌ನನ್ನೇ ಕೊಂದ. ಆದರೆ 2007ರಲ್ಲಿ ಕೋರ್ಟ್ ತಪ್ಪಿತಸ್ಥರು ಅಂದಿದ್ದು ಜ್ಯೂರಿಕ್ ಕೇಂದ್ರವನ್ನು ನಡೆಸುತ್ತಿದ್ದ ಸಂಸ್ಥೆಯ ನಾಲ್ವರು ಸಿಬ್ಬಂದಿಯನ್ನು. ರಾತ್ರಿ ಪಾಳಿಯಲ್ಲಿ ಒಬ್ಬರನ್ನೇ ಬಿಡುವ ಅಭ್ಯಾಸ ಅಲ್ಲಿ ಮೊದಲಿಂದಲೂ ನಡೆದುಬಂದಿತ್ತು.

ಟಿಕಾಸ್ ಹೇಳಿದರೆ ಅದನ್ನೇ ಕೇಳಬೇಕು ಅನ್ನೋ ನಿಯಮ ಆಮೇಲೆ ಗಟ್ಟಿಯಾಯಿತು. ಅದರ ಫಲ ನಮ್ಮಲ್ಲೂ ಕಂಡಿದೆ. 2018ರ ಜುಲೈ 10ರಂದು ಬೆಂಗಳೂರಿನ ಆಕಾಶದಲ್ಲಿ ಎರಡು ವಿಮಾನಗಳ ನಡುವೆ ಮೇಲೆ-ಕೆಳಗೆ ಬರೀ 200 ಅಡಿ ಉಳಿದಿತ್ತು. ಟಿಕಾಸ್ ಕೂಗಿತು, ಅನಾಹುತ ತಪ್ಪಿತು. ಆದರೆ ನೆಲಕ್ಕೆ ತೀರಾ ಹತ್ತಿರ ಇರುವಾಗ ಆ ಯಂತ್ರ ಇಂಥ ಆದೇಶ ಕೊಡುವುದಿಲ್ಲ. ಹಾಗಾಗಿ ಟೇಕಾಫ್ ಹೊತ್ತಿನಲ್ಲಿ ಟವರ್‌ಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವುದೇ ಮುಖ್ಯ ರಕ್ಷಣೆ.

2022ರ ವಿಷಯದಲ್ಲಿ ನನಗೆ ಜಾಸ್ತಿ ಚಿಂತೆ ಹುಟ್ಟಿಸಿದ್ದು ಬೇರೆ. ಆ ಘಟನೆಯನ್ನು ಯಾವ ಲಾಗ್‌ಬುಕ್‌ನಲ್ಲೂ ಬರೆದಿರಲಿಲ್ಲ. ದೇಶದ ವಿಮಾನಯಾನದ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಡಿಜಿಸಿಎ ಕೈಹಾಕಿದ ಮೇಲೆ ಜನರಿಗೆ ಗೊತ್ತಾಗಿದ್ದು. ಬರೆದರೆ ಕೆಲಸಕ್ಕೆ ಕುತ್ತು ಅನ್ನೋ ಹೆದರಿಕೆ ಇದ್ದರೆ ಯಾರು ತಾನೇ ಬರೆಯುತ್ತಾರೆ? ದಾದ್ರಿಯಲ್ಲಿ ಏನಾಯಿತು ಅಂತ ತಿಳಿಯಲು 349 ಸಾವು ಬೇಕಾಯಿತು. ಇಲ್ಲಿ ಯಾರಿಗೂ ಏನೂ ಆಗದೆ, ತಪ್ಪು ಎಲ್ಲಿದೆ ಅನ್ನೋದು ಅದೇ ದಿನ ಗೊತ್ತಾಗಬಹುದಿತ್ತು. ತಾವಾಗಿ ಬಂದು ಹೇಳಿದ ಕಂಟ್ರೋಲರ್‌ಗೆ ಶಿಕ್ಷೆ ಇಲ್ಲ ಅನ್ನೋ ಭರವಸೆಯನ್ನು ಮೊದಲು ಕೊಡಬೇಕು, ರನ್‌ವೇ ಬದಲಿಸಿದಾಗ ಎರಡೂ ಟವರ್‌ನವರು ಅದನ್ನು ತಿರುಗಿ ಹೇಳುವ ತನಕ ಒಂದು ವಿಮಾನವನ್ನೂ ಬಿಡಬಾರದು.